ಸೋಡಾ ನೀರಿನಲ್ಲಿ ನೆನೆಸಿದರೆ ತರಕಾರಿಯ ವಿಷವೆಲ್ಲ ಹೋಗುತ್ತದೆಯೇ?

"ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಹಣ್ಣು, ತರಕಾರಿಯನ್ನು 15 ನಿಮಿಷ ನೆನೆಸಿಡಿ. ನೀರಿನ ಬಣ್ಣ ಬದಲಾದರೆ ಅದೇ ವಿಷ! ಕೀಟನಾಶಕ, ಸೀಸ, ಕ್ಯಾಡ್ಮಿಯಂ ಎಲ್ಲ ಹೊರಗೆ ಬರುತ್ತದೆ." ಇಂಥದೊಂದು ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯಾವುದು ನಿಜ, ಯಾವುದು ಅಲ್ಲ ಎಂದು ಒಂದೊಂದಾಗಿ ನೋಡೋಣ.

ನೀರಿನ ಬಣ್ಣ ಬದಲಾದರೆ ಅದು ವಿಷವೇ?

ಅಲ್ಲ. ತರಕಾರಿಯಲ್ಲಿ ಉಳಿಯುವ ಕೀಟನಾಶಕವನ್ನು ಅಳೆಯುವುದು ಕೆಜಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ. ಅಷ್ಟು ಸಣ್ಣ ಪ್ರಮಾಣ ನೀರಿಗೆ ಬಣ್ಣ ಕೊಡುವುದಿಲ್ಲ. ಅಡುಗೆ ಸೋಡಾ ಕ್ಷಾರ. ಹಣ್ಣು, ಸೊಪ್ಪುಗಳಲ್ಲಿ ಸಹಜವಾಗಿ ಇರುವ ಬಣ್ಣದ ಅಂಶಗಳು ಕ್ಷಾರ ತಗುಲಿದಾಗ ಬಣ್ಣ ಬದಲಿಸುತ್ತವೆ. ಕಪ್ಪು ದ್ರಾಕ್ಷಿಯಿಂದ ಬಿಟ್ಟ ಬಣ್ಣ ನೀಲಿ, ಹಸಿರಿಗೆ ತಿರುಗುವುದು ಇದೇ ಕಾರಣಕ್ಕೆ. ಜೊತೆಗೆ ಮಣ್ಣು, ಧೂಳು ಕೂಡ ನೀರಿಗೆ ಬರುತ್ತದೆ.

ಹಾಗಾದರೆ ಕೀಟನಾಶಕ ಹೋಗುವುದೇ ಇಲ್ಲವೇ?

ಸಿಪ್ಪೆಯ ಮೇಲೆ ಇರುವುದು ಬಹುಪಾಲು ಹೋಗುತ್ತದೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸೇಬಿನ ಮೇಲೆ ಥಯಾಬೆಂಡಜೋಲ್ ಮತ್ತು ಫಾಸ್ಮೆಟ್ ಎಂಬ ಎರಡು ರಾಸಾಯನಿಕಗಳನ್ನು ಹಚ್ಚಿ ಪರೀಕ್ಷಿಸಿದರು. ಶೇ. 1ರಷ್ಟು ಅಡುಗೆ ಸೋಡಾ ಬೆರೆಸಿದ ನೀರು, ಸಿಪ್ಪೆಯ ಮೇಲಿದ್ದ ಅಂಶವನ್ನು 12ರಿಂದ 15 ನಿಮಿಷದಲ್ಲಿ ತೆಗೆಯಿತು. ಫಾರ್ವರ್ಡ್‌ನಲ್ಲಿ ಹೇಳುವ 15 ನಿಮಿಷಕ್ಕೆ ಆಧಾರ ಇಲ್ಲದಿಲ್ಲ.

ಆದರೆ ಫಾರ್ವರ್ಡ್ ಹೇಳದ ಮಾತೊಂದು ಅದೇ ಅಧ್ಯಯನದಲ್ಲಿದೆ. ಹಚ್ಚಿದ ಥಯಾಬೆಂಡಜೋಲ್‌ನಲ್ಲಿ ಶೇ. 20ರಷ್ಟು ಮತ್ತು ಫಾಸ್ಮೆಟ್‌ನಲ್ಲಿ ಶೇ. 4.4ರಷ್ಟು ಹಣ್ಣಿನ ಒಳಕ್ಕೆ ಇಳಿದಿತ್ತು. ಒಳಗೆ ಇಳಿದದ್ದನ್ನು ಯಾವ ನೀರೂ ತೊಳೆಯಲಾರದು.

ಸೀಸ, ಕ್ಯಾಡ್ಮಿಯಂ ಕಥೆಯೇ ಬೇರೆ

ಕೀಟನಾಶಕವನ್ನು ಹೆಚ್ಚಾಗಿ ಮೇಲಿನಿಂದ ಸಿಂಪಡಿಸುತ್ತಾರೆ. ಭಾರಲೋಹಗಳು ಹೆಚ್ಚಾಗಿ ಕೆಳಗಿನಿಂದ, ಅಂದರೆ ಮಣ್ಣು ಮತ್ತು ನೀರಿನಿಂದ, ಬೇರಿನ ಮೂಲಕ ಬರುತ್ತವೆ. ಕಾರ್ಖಾನೆ ತ್ಯಾಜ್ಯ, ಕೊಳಚೆ ಸೇರಿದ ನೀರು ಹಾಯಿಸಿದ ಹೊಲದಲ್ಲಿ ಇವು ವರ್ಷಗಟ್ಟಲೆ ಉಳಿಯುತ್ತವೆ. ಸೊಪ್ಪುಗಳು ಕ್ಯಾಡ್ಮಿಯಂ ಅನ್ನು ಸುಲಭವಾಗಿ ಹೀರಿಕೊಳ್ಳುತ್ತವೆ. ಎಲೆಗೆ ಅಂಟಿದ ಧೂಳಿನ ಸೀಸ ತೊಳೆದರೆ ಹೋಗುತ್ತದೆ, ಎಲೆಯೊಳಗೆ ಸೇರಿದ್ದು ಹೋಗುವುದಿಲ್ಲ. ಬೇಯಿಸಿದರೂ ಲೋಹ ನಾಶವಾಗುವುದಿಲ್ಲ.

ಬೆಂಗಳೂರಿನ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ (ಎಂಪ್ರಿ) ನಗರದ ಅಂಗಡಿ, ಮಾರುಕಟ್ಟೆಗಳ ತರಕಾರಿ ಪರೀಕ್ಷಿಸಿದಾಗ ಕೆಲವು ಮಾದರಿಗಳಲ್ಲಿ ಲೋಹದ ಅಂಶ ಮಿತಿ ಮೀರಿತ್ತು. 'ಆರ್ಗ್ಯಾನಿಕ್' ಎಂಬ ಲೇಬಲ್ ಕೂಡ ಇದಕ್ಕೆ ಗ್ಯಾರಂಟಿ ಅಲ್ಲ. ಅದು ಮುಖ್ಯವಾಗಿ ರಾಸಾಯನಿಕ ಗೊಬ್ಬರ, ಕೀಟನಾಶಕ ಬಳಸಿಲ್ಲ ಎಂದು ಹೇಳುತ್ತದೆಯೇ ಹೊರತು ಸೀಸ ಇಲ್ಲ ಎಂದಲ್ಲ.

ಬಾಂಗ್ಲಾದೇಶದ ಅರಿಶಿನ ಕಲಿಸಿದ ಪಾಠ

ಬಾಂಗ್ಲಾದೇಶದ ಹಳ್ಳಿಗಳ ಗರ್ಭಿಣಿಯರ ರಕ್ತದಲ್ಲಿ ಸೀಸ ಹೆಚ್ಚಾಗಿತ್ತು. ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿದ ಸಂಶೋಧಕರು ತಲುಪಿದ್ದು ಅರಿಶಿನಕ್ಕೆ. ಕೊಂಬಿಗೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸುತ್ತಿದ್ದರು. ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸ ಧಕ್ಕೆ ತರುತ್ತದೆ, ರಕ್ತದಲ್ಲಿ ಇಷ್ಟಿದ್ದರೆ ಸುರಕ್ಷಿತ ಎನ್ನುವ ಮಟ್ಟವೇ ಇಲ್ಲ.

2019ರಲ್ಲಿ ಅಧ್ಯಯನ ಹೊರಬಂದ ಮೇಲೆ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಕೆ ಹೊರಡಿಸಿ, ಮಾರುಕಟ್ಟೆಯಲ್ಲಿ ದಾಳಿ ನಡೆಸಿ ದಂಡ ಹಾಕಿತು. ಆ ವರ್ಷ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸ ಪತ್ತೆಯಾಗಿತ್ತು. 2021ಕ್ಕೆ ಅದು ಸೊನ್ನೆಗೆ ಇಳಿಯಿತು. ಯಾರ ಮನೆಯ ಸೋಡಾ ನೀರೂ ಈ ಕೆಲಸ ಮಾಡಲು ಆಗುತ್ತಿರಲಿಲ್ಲ. ಲೋಹವನ್ನು ತಡೆಯಬೇಕಾದದ್ದು ಅದು ಆಹಾರ ಸೇರುವ ಜಾಗದಲ್ಲೇ.

ಮನೆಯಲ್ಲಿ ನಾವು ಏನು ಮಾಡಬಹುದು?

• ಹಣ್ಣು, ತರಕಾರಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸೋಡಾ ನೀರಿನಲ್ಲಿ ನೆನೆಸಿದ್ದರೆ ಆಮೇಲೆ ಚೆನ್ನಾಗಿ ಜಾಲಿಸಿ. ಪಾತ್ರೆ ತೊಳೆಯುವ ಸೋಪು ಬಳಸಬೇಡಿ.
• ಸೊಪ್ಪಿನ ಹೊರಗಿನ ಎಲೆ ತೆಗೆಯಿರಿ, ಬೇರಿನ ಮಣ್ಣು ಪೂರ್ತಿ ಹೋಗಲಿ.
• ಒಂದೇ ಸೊಪ್ಪು, ಒಂದೇ ಧಾನ್ಯವನ್ನು ದಿನವೂ ತಿನ್ನುವ ಬದಲು ಬದಲಾಯಿಸಿ ತಿನ್ನಿ.
• ಅಕ್ಕಿಯಲ್ಲಿ ಆರ್ಸೆನಿಕ್ ಇದ್ದರೆ, ಆರರಿಂದ ಹತ್ತು ಪಟ್ಟು ನೀರಿನಲ್ಲಿ ಬೇಯಿಸಿ ಗಂಜಿ ಬಸಿಯುವುದರಿಂದ ಅದು ಶೇ. 40ರಿಂದ 60ರಷ್ಟು ಕಡಿಮೆಯಾಗುತ್ತದೆ. ಕೆಲವು ವಿಟಮಿನ್‌ಗಳೂ ಹೋಗುತ್ತವೆ. ಅಡುಗೆ ನೀರಿನಲ್ಲೇ ಆರ್ಸೆನಿಕ್ ಇದ್ದರೆ ಈ ಉಪಾಯ ಕೆಲಸಕ್ಕೆ ಬಾರದು.
• ಅರಿಶಿನದ ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿ. ತಕ್ಷಣ ಗಾಢ ಹಳದಿ ಬಣ್ಣ ಬಿಟ್ಟರೆ ಅನುಮಾನಪಡಿ. ಇದು ಎಫ್‌ಎಸ್‌ಎಸ್‌ಎಐ ಹೇಳುವ ಸರಳ ಪರೀಕ್ಷೆ. ಖಚಿತವಾಗಿ ತಿಳಿಯಲು ಲ್ಯಾಬ್ ಪರೀಕ್ಷೆಯೇ ಬೇಕು. ದೂರು ಕೊಡಲು ಅದರ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್ ಇದೆ.
• ಮಕ್ಕಳ ಊಟದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಸಾಕಷ್ಟಿರಲಿ. ಇವು ಕಡಿಮೆಯಾದರೆ ದೇಹ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ.

ಕೊನೆಯ ಮಾತು

ಹೆದರಿ ತರಕಾರಿ ತಿನ್ನುವುದನ್ನು ಮಾತ್ರ ಬಿಡಬೇಡಿ, ಅದರಿಂದ ಆಗುವ ನಷ್ಟವೇ ದೊಡ್ಡದು. ತೊಳೆಯುವುದು ನಮ್ಮ ಕೈಯಲ್ಲಿರುವ ಕೆಲಸ, ತಪ್ಪದೆ ಮಾಡೋಣ. ಹೊಲಕ್ಕೆ ಯಾವ ನೀರು ಹೋಗುತ್ತಿದೆ, ಮಾರುಕಟ್ಟೆಯ ಮಾದರಿಗಳನ್ನು ಪರೀಕ್ಷಿಸುತ್ತಿದ್ದಾರೆಯೇ ಎಂದು ಕೇಳುವುದೂ ನಮ್ಮದೇ ಕೆಲಸ. ಆ ಫಾರ್ವರ್ಡ್ ಮತ್ತೆ ಬಂದರೆ "ಮೇಲಿನದು ಹೋಗುತ್ತದೆ, ಒಳಗಿನದು ಹೋಗುವುದಿಲ್ಲ" ಎಂದು ಒಂದು ಸಾಲು ಸೇರಿಸಿ ಕಳಿಸಿ.