ಮಾತಿನ ಜಗತ್ತಿಗೊಂದು ಕೈಪಿಡಿ

ಚಿತ್ರವೂ ಇಲ್ಲದ, ಸದ್ದೂ ಇಲ್ಲದ ಆಟವೊಂದನ್ನು ಊಹಿಸಿಕೊಳ್ಳಿ. ಪರದೆಯ ಮೇಲೆ ಒಂದು ಕೋಣೆಯ ವರ್ಣನೆ ಬರುತ್ತದೆ. ನೀವು ‘ಉತ್ತರ’ ಎಂದು ಟೈಪ್ ಮಾಡಿದರೆ ಇನ್ನೊಂದು ಕೋಣೆ. ಅಲ್ಲಿ ಎಲ್ಲೋ ದೂರದ ಊರಿನ ಮತ್ತೊಬ್ಬ ಆಟಗಾರ ನಿಮಗೆ ಎದುರಾಗುತ್ತಾನೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ಈ ಆಟದ ಹೆಸರು ‘ಮಡ್’. ಮುಂದೆ ಅದು ಒಂದು ಪ್ರಕಾರದ ಹೆಸರೇ ಆಯಿತು. ಸಾಹಿತ್ಯದ ಓದುಗನಾದ ನನ್ನನ್ನು ಈ ಆಟಗಳಿಗಿಂತ ಹೆಚ್ಚು ಸೆಳೆದದ್ದು ಅವುಗಳ ಬೆನ್ನಿಗಿರುವ ಕೈಪಿಡಿಗಳ ಚರಿತ್ರೆ.

1991ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಐವರು ವಿದ್ಯಾರ್ಥಿಗಳು ‘ಡಿಕುಮಡ್’ ಎಂಬ ಆಟದ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅವರು ಹಾಕಿದ ಷರತ್ತುಗಳಲ್ಲಿ ಎರಡು ಮುಖ್ಯವಾದವು: ಇದರಿಂದ ಹಣ ಮಾಡಬಾರದು, ನಮ್ಮ ಹೆಸರು ಅಳಿಸಬಾರದು. ಹಲವು ದೇಶಗಳ ವಿದ್ಯಾರ್ಥಿಗಳು ಅದನ್ನು ತಮ್ಮ ತಮ್ಮ ಕಾಲೇಜಿನ ಕಂಪ್ಯೂಟರುಗಳಲ್ಲಿ ನಡೆಸತೊಡಗಿದರು. ತೊಡಕು ಶುರುವಾದದ್ದು ಅಲ್ಲೇ. ಆ ಜಗತ್ತಿನ ಪ್ರತಿ ಕೋಣೆಗೂ ಒಂದು ಸಂಖ್ಯೆ ಇತ್ತು. ಮಿಡ್‌ಗಾರ್ಡ್ ಎಂಬ ಊರಿನ ದೇವಾಲಯ 3001. ಉತ್ತರದ ಬಾಗಿಲಿಗೆ 0, ಪೂರ್ವಕ್ಕೆ 1, ದಕ್ಷಿಣಕ್ಕೆ 2. ವರ್ಣನೆ ಮುಗಿಯಿತೆಂದು ತಿಳಿಸಲು ಟಿಲ್ಡೆ ಎಂಬ ಅಲೆಯಾಕಾರದ ಗುರುತು. ಅದೊಂದು ತಪ್ಪಿದರೆ ಕಂಪ್ಯೂಟರು ಮುಂದಿನ ಸಂಖ್ಯೆಗಳನ್ನೂ ವರ್ಣನೆಯೆಂದೇ ಓದಿಕೊಂಡು ಹೋಗುತ್ತದೆ. ಡಿಕು ಜೊತೆಗೂ ಟಿಪ್ಪಣಿಗಳು ಇದ್ದವು. ಆದರೆ ಅವು ಹೆಚ್ಚಾಗಿ ಕೋಡ್ ಬಲ್ಲವರು ಕೋಡ್ ಬಲ್ಲವರಿಗೆ ಬರೆದಂಥವು. ಉಳಿದ ತಿಳಿವಳಿಕೆ ಬಾಯಿಂದ ಬಾಯಿಗೆ ಸಾಗಬೇಕಿತ್ತು. ವಿದ್ಯಾರ್ಥಿಗಳಾದರೋ ಪದವಿ ಮುಗಿಸಿ ಹೊರಟುಹೋಗುವವರು. ಅವರೊಂದಿಗೆ ಆ ತಿಳಿವಳಿಕೆಯೂ ಹೋಗುತ್ತಿತ್ತು.

1993ರ ಜುಲೈನಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜೆರೆಮಿ ಎಲ್ಸನ್ ಡಿಕುವನ್ನು ಆಧರಿಸಿದ ‘ಸರ್ಕಲ್‌ಮಡ್’ ಬಿಡುಗಡೆ ಮಾಡಿದರು. ಹೊಸ ರಾಕ್ಷಸರನ್ನೂ ಹೊಸ ಮಂತ್ರಗಳನ್ನೂ ತುಂಬುವುದಕ್ಕಿಂತ ಕೋಡನ್ನು ಸ್ವಚ್ಛ ಮಾಡುವುದರ ಮೇಲೆ ಅವರ ಗಮನವಿತ್ತು. ಆಟವನ್ನು ಬೆಳೆಸುವ ಕೆಲಸ ಮುಂದೆ ಬರುವವರದು ಎಂಬ ನಿಲುವು ಅದು. ಹಾಗಾದರೆ ಮುಂದೆ ಬರುವವರಿಗೆ ದಾರಿ ತಿಳಿಯಬೇಕಲ್ಲ? ಜಗತ್ತು ಕಟ್ಟುವವರಿಗೆ ಒಂದು ಕೈಪಿಡಿ, ಕೋಡ್ ಬರೆಯುವವರಿಗೆ ಇನ್ನೊಂದು, ಆಟವನ್ನು ದಿನವೂ ನಡೆಸುವವರಿಗೆ ಮತ್ತೊಂದು ಹೀಗೆ ದಾಖಲೆಗಳು ರೂಪುಗೊಂಡವು.

ಇದು ಸಣ್ಣ ಬದಲಾವಣೆಯಂತೆ ಕಾಣಬಹುದು. ಆದರೆ ‘ಈ ಕಡತದಲ್ಲಿ ಏನಿದೆ?’ ಎಂಬಲ್ಲಿಂದ ‘ಇದನ್ನು ಓದುವವರು ಯಾರು?’ ಎಂಬಲ್ಲಿಗೆ ಪ್ರಶ್ನೆಯೇ ಬದಲಾಗಿತ್ತು. ಕೋಡ್ ಗೊತ್ತಿಲ್ಲದ, ಕತೆ ಕಟ್ಟಬಲ್ಲ ವ್ಯಕ್ತಿಗೂ ಒಳಗೆ ಬರಲು ಬಾಗಿಲು ತೆರೆಯಿತು.

ಸಂಬಳವಿಲ್ಲದ ಕೆಲಸದಲ್ಲಿ ಇಂಥ ಬರವಣಿಗೆ ಹಿಂದೆ ಬೀಳುವುದು ಸಹಜ. ಹೊಸ ಮಂತ್ರವೊಂದನ್ನು ಸೇರಿಸಿದರೆ ಅದೇ ರಾತ್ರಿ ಆಟಗಾರರ ಮೆಚ್ಚುಗೆ ಸಿಗುತ್ತದೆ. ಕೈಪಿಡಿಯ ಓದುಗ ಎಷ್ಟೋ ವರ್ಷದ ಮೇಲೆ ಬರುವ ಅಪರಿಚಿತ. ಅವನು ಬರುವ ಹೊತ್ತಿಗೆ ಬರೆದವರು ಬೇರೆ ಬದುಕಿನಲ್ಲಿ ಇರುತ್ತಾರೆ.

ಸರ್ಕಲ್‌ಮಡ್‌ನ 3.1 ಆವೃತ್ತಿ 2002ರಲ್ಲಿ ಬಂತು. ಆಮೇಲೆ ಅದರ ಎಳೆಯನ್ನು ಹಿಡಿದದ್ದು ‘ಟಿಬಿಎಮಡ್’. ಮೊದಲ ಮೂರು ಅಕ್ಷರಗಳು ‘ದಿ ಬಿಲ್ಡರ್ ಅಕಾಡೆಮಿ’ ಎಂಬುದನ್ನು ಸೂಚಿಸುತ್ತವೆ. ಇಲ್ಲಿ ಕೈಪಿಡಿ ಆಟದ ಒಳಗೇ ಬಂದಿತು. ಕಲಿಯುವವರು ಕೋಣೆಯಿಂದ ಕೋಣೆಗೆ ನಡೆಯುತ್ತಾ ಪಾಠ ಓದುತ್ತಾರೆ, ಅಲ್ಲೇ ತಮ್ಮ ಕೋಣೆಯನ್ನು ಕಟ್ಟಿ ನೋಡುತ್ತಾರೆ. ಟಿಲ್ಡೆಯ ಕಾಟವನ್ನು ಆಟದೊಳಗಿನ ಸಂಪಾದಕ ತಂತ್ರಾಂಶವೇ ನೋಡಿಕೊಳ್ಳುತ್ತದೆ.

ಆಟಗಳ ಚರಿತ್ರೆ ಬರೆಯುವವರು ಮೊದಲು ಮಾಡಿದವರನ್ನು ನೆನೆಯುತ್ತಾರೆ, ಅದು ನ್ಯಾಯವೇ. ಆದರೆ ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು ಕಟ್ಟಿದ 3001ನೇ ಕೋಣೆಗೆ ಹೊಸಬರು ಇನ್ನೂ ಬಂದು ನಿಲ್ಲುತ್ತಿದ್ದರೆ, ಪಕ್ಕದಲ್ಲಿ ಇನ್ನೊಂದು ಕೋಣೆ ಕಟ್ಟುತ್ತಿದ್ದರೆ, ಅದರಲ್ಲಿ ಕೈಪಿಡಿ ಬರೆದವರ ಪಾಲೂ ಇದೆ. ಆ ಪಾಲನ್ನೂ ಚರಿತ್ರೆ ಎಂದು ಓದಬೇಕು ಎನ್ನುವುದು ನನ್ನ ಅನಿಸಿಕೆ.