ಕೂಡುವಾಗ ನೋವಾದರೆ ಗರ್ಭಚೀಲ ತೆಗೆಸಬೇಕೆ?

"ಗಂಡನ ಜೊತೆ ಕೂಡುವಾಗ ನೋವು, ಸೊಂಟನೋವು, ಬಿಳಿ ಸೆರಗು ಇದ್ದರೆ ಗರ್ಭಚೀಲ ಕೆಟ್ಟಿದೆ ಎಂದೇ ಅರ್ಥ. ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ತೆಗೆಸಿಬಿಡಿ." ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಈ ಮಾತು ಹೊಸದಲ್ಲ, ವಾಟ್ಸ್ಆ್ಯಪ್‌ಗಿಂತ ಹಳೆಯದು. "ಮಕ್ಕಳಾದ ಮೇಲೆ ಅದರ ಕೆಲಸವಾದರೂ ಏನು?" ಎಂಬ ಪ್ರಶ್ನೆಯೂ ಜೊತೆಗೆ ಬರುತ್ತದೆ.

ಈ ಮಾತು ತಪ್ಪು. ಕೂಡುವಾಗ ನೋವಾಗುವುದಕ್ಕೆ ಹತ್ತಾರು ಕಾರಣಗಳಿವೆ, ಬಹುಪಾಲು ಕಾರಣಗಳಿಗೆ ಶಸ್ತ್ರಚಿಕಿತ್ಸೆಯೇ ಬೇಕಿಲ್ಲ.

ಈ ತಪ್ಪಿಗೆ ಕಲಬುರಗಿ ಜಿಲ್ಲೆ ದೊಡ್ಡ ಬೆಲೆ ತೆತ್ತಿದೆ. ಹೊಟ್ಟೆನೋವು, ಬೆನ್ನುನೋವು, ಬಿಳಿ ಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಬಡ ಹೆಣ್ಣುಮಕ್ಕಳಿಗೆ ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಚೀಲ ತೆಗೆದದ್ದು ಸುಮಾರು ಹತ್ತು ವರ್ಷದ ಹಿಂದೆ ಬಯಲಿಗೆ ಬಂತು. ಅವರಲ್ಲಿ ಹೆಚ್ಚಿನವರು ತಾಂಡಾಗಳ ಲಂಬಾಣಿ ಮತ್ತು ದಲಿತ ಮಹಿಳೆಯರು, ಎಷ್ಟೋ ಮಂದಿಗೆ ನಲವತ್ತೂ ತುಂಬಿರಲಿಲ್ಲ. 2015ರಲ್ಲಿ ಸರ್ಕಾರದ ತನಿಖೆಯ ಬಳಿಕ ಕೆಲವು ಆಸ್ಪತ್ರೆಗಳ ಪರವಾನಗಿ ರದ್ದು ಮಾಡುವ ಆದೇಶ ಬಂತು. 2017ರಲ್ಲಿ ನೊಂದ ಮಹಿಳೆಯರು ನ್ಯಾಯ ಕೇಳಿ ಕಲಬುರಗಿಯಲ್ಲಿ ಬೀದಿಗಿಳಿದರು. ಬೇರೆ ರಾಜ್ಯಗಳಿಂದಲೂ ಇಂಥ ದೂರುಗಳು ಸುಪ್ರೀಂ ಕೋರ್ಟ್‌ ತಲುಪಿದವು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಎಂದು ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿತು.

ಇಲ್ಲಿ ಒಂದು ವಿಪರ್ಯಾಸವಿದೆ. ಗರ್ಭಚೀಲದ ಜೊತೆ ಎರಡೂ ಅಂಡಾಶಯ ತೆಗೆದರೆ ಮೂವತ್ತರ ಹೆಣ್ಣುಮಗಳಿಗೂ ಮುಟ್ಟು ನಿಂತವರ ಸ್ಥಿತಿ ಒಮ್ಮೆಲೇ ಬರುತ್ತದೆ. ಈಸ್ಟ್ರೋಜನ್ ಹಾರ್ಮೋನ್ ಕುಸಿದು ಯೋನಿ ಒಣಗುತ್ತದೆ, ಮೈ ಬಿಸಿಯೇರುತ್ತದೆ, ಎಲುಬು ಸವೆಯುತ್ತದೆ. ನೋವು ಕಳೆಯಲೆಂದು ಮಾಡಿಸಿದ ಆಪರೇಷನ್ನೇ ಕೂಡುವಾಗ ಹೊಸ ನೋವು ತರಬಹುದು.

ಹಾಗಾದರೆ ನೋವು ಎಲ್ಲಿಂದ ಬರುತ್ತದೆ? ಒಳ್ಳೆಯ ವೈದ್ಯರು ಮೊದಲು ಕೇಳುವುದು, ನೋವು ಯೋನಿಯ ಬಾಯಲ್ಲೋ ಆಳದಲ್ಲೋ ಎಂದು.

ಬಾಯಲ್ಲೇ ಉರಿ, ನೋವು ಇದ್ದರೆ ಒಣಗಿರುವುದು ಸಾಮಾನ್ಯ ಕಾರಣ. ಎದೆಹಾಲು ಕುಡಿಸುವ ತಾಯಂದಿರಲ್ಲೂ, ಮುಟ್ಟು ನಿಂತವರಲ್ಲೂ ಹೀಗಾಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ನೀರಿನಾಧಾರಿತ ಜೆಲ್ ಹಚ್ಚಿದರೆ ಎಷ್ಟೋ ಜನರಿಗೆ ಸಾಕಾಗುತ್ತದೆ. ಮುಟ್ಟು ನಿಂತವರಿಗೆ ವೈದ್ಯರು ಈಸ್ಟ್ರೋಜನ್ ಕ್ರೀಮ್ ಬರೆದುಕೊಡಬಹುದು. ಕೊಬ್ಬರಿ ಎಣ್ಣೆ ಬಳಸುವವರು ಒಂದು ತಿಳಿದಿರಲಿ, ಎಣ್ಣೆ ತಗಲಿದರೆ ಕಾಂಡೋಮ್ ಹರಿಯುತ್ತದೆ. ಹೆರಿಗೆಯಲ್ಲಿ ಹಾಕಿದ ಹೊಲಿಗೆಯ ಗಾಯ ಸರಿಯಾಗಿ ಮಾಯದಿದ್ದರೂ ನೋವಾಗುತ್ತದೆ. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆಯುವುದು ಸ್ವಚ್ಛತೆಯಲ್ಲ, ಅದರಿಂದ ಉರಿ ಹೆಚ್ಚುತ್ತದೆ.

ಇನ್ನು ಕೆಲವರಿಗೆ ಪ್ರಯತ್ನಿಸಿದಾಗಲೆಲ್ಲ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಕಣ್ಣಿನ ಹತ್ತಿರ ಕೈ ತಂದರೆ ರೆಪ್ಪೆ ಮುಚ್ಚಿಕೊಳ್ಳುತ್ತದಲ್ಲ, ಹಾಗೆ. ಇದಕ್ಕೆ ವಜೈನಿಸ್ಮಸ್ ಎನ್ನುತ್ತಾರೆ. ಇದು ಹಟವಲ್ಲ, ನಾಟಕವೂ ಅಲ್ಲ. ಮದುವೆಯಾಗಿ ವರ್ಷವಾದರೂ ಕೂಡಲಾಗದೆ, "ಹುಡುಗಿಯಲ್ಲೇ ದೋಷ" ಎಂದು ತವರಿಗೆ ಕಳಿಸುವ ಮೊದಲು ಮನೆಯವರು ಇದನ್ನು ಓದಬೇಕು. ಉಸಿರಾಟದ ಅಭ್ಯಾಸ, ಸ್ನಾಯು ಸಡಿಲಿಸುವ ವ್ಯಾಯಾಮ, ಸಣ್ಣದರಿಂದ ಶುರುವಾಗುವ ಡೈಲೇಟರ್ ಮತ್ತು ಆಪ್ತಸಲಹೆಯಿಂದ ಹೆಚ್ಚಿನವರು ಸುಧಾರಿಸುತ್ತಾರೆ. ಗಂಡ ಅವಸರ ಮಾಡದಿರುವುದೂ ಈ ಚಿಕಿತ್ಸೆಯ ಭಾಗ. "ಮೊದಲ ಸಲ ನೋವಾಗಲೇಬೇಕು, ರಕ್ತ ಬರಲೇಬೇಕು" ಎಂಬುದೂ ಸುಳ್ಳು. ಆ ಭಯವೇ ಸ್ನಾಯು ಬಿಗಿಯುವುದಕ್ಕೆ ಒಂದು ಕಾರಣ.

ಆಳದಲ್ಲಿ ನೋವು, ಜೊತೆಗೆ ಜ್ವರ, ಕೆಟ್ಟ ವಾಸನೆಯ ಸೆರಗು ಇದ್ದರೆ ಸೋಂಕು ಇರಬಹುದು. ಇದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಣ್ಣದ ಔಷಧಿ ಕಿಟ್‌ಗಳನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಯೋನಿಯ ಸೋಂಕಿಗೆ ಹಸಿರು ಕಿಟ್, ಸೋಂಕಿನಿಂದ ಕೆಳಹೊಟ್ಟೆ ನೋಯುತ್ತಿದ್ದರೆ ಹಳದಿ ಕಿಟ್. ಕೆಲವು ಸೋಂಕುಗಳಲ್ಲಿ ಗಂಡನೂ ಔಷಧಿ ತಗೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಮತ್ತೆ ಬರುತ್ತದೆ. ವಾಸನೆ, ತುರಿಕೆ ಇಲ್ಲದ ತೆಳು ಬಿಳಿ ಸೆರಗು ಸಹಜವಾದದ್ದು. ಅದರಿಂದ ಎಲುಬು ಕರಗುವುದಿಲ್ಲ. ಮುಟ್ಟಿನ ದಿನಗಳಲ್ಲೂ ಸಹಿಸಲಾರದ ನೋವಿದ್ದರೆ ಎಂಡೊಮೆಟ್ರಿಯೋಸಿಸ್ ಇದೆಯೇ ಎಂದು ವೈದ್ಯರನ್ನು ಕೇಳಿ. ಅದಕ್ಕೂ ಮೊದಲು ಕೊಡುವುದು ಮಾತ್ರೆಗಳನ್ನೇ.

ಫೈಬ್ರಾಯ್ಡ್, ನಿಲ್ಲದ ರಕ್ತಸ್ರಾವ, ಕ್ಯಾನ್ಸರ್‌ನಂಥ ಸಂದರ್ಭಗಳಲ್ಲಿ ಗರ್ಭಚೀಲ ತೆಗೆಯುವುದು ಸರಿಯಾದ ಚಿಕಿತ್ಸೆಯೇ ಆಗಿರಬಹುದು. ಆದರೆ ಕೂಡಿದ ಮೇಲೆ ರಕ್ತ ಕಂಡರೆ, ಅಥವಾ ಮುಟ್ಟು ನಿಂತ ಮೇಲೆ ರಕ್ತ ಹೋದರೆ ತಡಮಾಡಬೇಡಿ. ಗರ್ಭಕೊರಳಿನ ಕ್ಯಾನ್ಸರ್ ಇದೆಯೇ ಎಂದು ನೋಡುವ ಪರೀಕ್ಷೆ ಸರ್ಕಾರಿ ವ್ಯವಸ್ಥೆಯಲ್ಲಿ 30 ದಾಟಿದ ಮಹಿಳೆಯರಿಗೆ ಉಚಿತ.

ಮೂರೂ ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಅಲ್ಲಿ ಆಗದಿದ್ದರೆ ಕಲಬುರಗಿಯ ಜಿಮ್ಸ್‌ಗೆ ಹೋಗಬಹುದು. ಗಂಡಸು ಡಾಕ್ಟರ್ ಎದುರು ಹೇಳಲು ನಾಚಿಕೆಯಾದರೆ ಮೊದಲು ಆಶಾ ಕಾರ್ಯಕರ್ತೆಗೆ ಹೇಳಿ. ಮನಸ್ಸಿನ ಭಯ, ಸಂಕಟಕ್ಕೆ 14416 ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಯಾರಾದರೂ "ನಾಳೆಯೇ ಆಪರೇಷನ್" ಎಂದರೆ ಸ್ಕ್ಯಾನಿಂಗ್ ವರದಿ ಕೈಗೆ ತಗೊಂಡು, ರೋಗದ ಹೆಸರೇನು, ಔಷಧಿಯಲ್ಲಿ ಆಗುವುದಿಲ್ಲವೇ, ಅಂಡಾಶಯವನ್ನೂ ತೆಗೆಯುತ್ತೀರಾ ಎಂದು ಕೇಳಿ. ಕ್ಯಾನ್ಸರ್ ಎಂದರೆ ಬಯಾಪ್ಸಿ ವರದಿ ಕೇಳಿ. ಅದೇ ಕಾಗದಗಳನ್ನು ಇನ್ನೊಬ್ಬ ವೈದ್ಯರಿಗೆ ತೋರಿಸುವುದು ನಿಮ್ಮ ಹಕ್ಕು.