ಇಗರ್ಜಿಯ ನೆರಳಿನಲ್ಲಿ ಕನ್ನಡ ಶಾಲೆ

ಸಂಘದ ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ ಬಶೀರಾಬಾದ್ ಸೀಮೆಯ ಕನ್ನಡ ಕುಟುಂಬಗಳ ಮುಂದೆ ದೂರದ ಇನ್ನೊಂದು ಗಡಿನಾಡಿನ ಶಾಲೆಗಳ ಚರಿತ್ರೆಯನ್ನು ಇಡುವುದು ಉಚಿತವೆಂದು ಭಾವಿಸಿದ್ದೇವೆ. 1956ನೆಯ ನವೆಂಬರ್ 1ರಂದು ಕಲಬುರ್ಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ, ಬೀದರ ಜಿಲ್ಲೆಯ ನಾರಾಯಣಖೇಡವೂ, ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಸೇರಿದುವು. ಅದೇ ದಿನ, ಅದೇ ಶಾಸನದಿಂದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ಕೇರಳಕ್ಕೆ ಸೇರಿತು. ಆ ನಾಡಿನಲ್ಲಿ ಕನ್ನಡವನ್ನು ಕಾಪಾಡಿಕೊಂಡು ಬಂದ ಸಂಸ್ಥೆಗಳಲ್ಲಿ ಕ್ಯಾಥೊಲಿಕ ಇಗರ್ಜಿಗಳ ಶಾಲೆಗಳೂ ಇವೆಯೆಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ಹೊಸದಾಗಿ ತೋರಬಹುದು.

ಆ ಶಾಲೆಗಳ ಮೂಲ ಮಂಗಳೂರಿನಲ್ಲಿದೆ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು ಕನ್ನಡ ಶಾಲೆಗಳನ್ನು ತೆರೆದು, ಮುದ್ರಣಾಲಯವನ್ನು ಸ್ಥಾಪಿಸಿ, 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದರು. ಕ್ಯಾಥೊಲಿಕರ ಕಡೆಯಿಂದ 1858ರಲ್ಲಿ ರೊಸಾರಿಯೊ ಶಾಲೆ ಹುಟ್ಟಿತು. 1870ರಲ್ಲಿ ಫ್ರಾನ್ಸಿನಿಂದ ಬಂದ ಕಾರ್ಮೆಲ್ ಸಭೆಯ ಸೋದರಿಯರು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಕೈಹಾಕಿದರು. 1878ರ ಕೊನೆಯ ದಿನ ಬಂದಿಳಿದ ಜೆಸ್ವಿತ್ ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಸಂಸ್ಥೆಯನ್ನು ಆರಂಭಿಸಿದರು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವು ಸ್ಥಾಪಿತವಾಯಿತು. ಕಾಸರಗೋಡಿನ ಕೊಂಕಣಿ ಕ್ಯಾಥೊಲಿಕರು ಈ ಪ್ರಾಂತ್ಯಕ್ಕೇ ಸೇರಿದವರು. ರಾಜ್ಯದ ಗಡಿ ಬದಲಾದರೂ ಅವರು ಇಂದಿಗೂ ಇದೇ ಧರ್ಮಪ್ರಾಂತ್ಯದಲ್ಲಿ ಉಳಿದಿದ್ದಾರೆ.

ಕುಂಬಳೆಯ ಒಳನಾಡಿನಲ್ಲಿ ಬೇಳವೆಂಬ ಊರಿದೆ. ಅಲ್ಲಿಯ ಶೋಕಮಾತೆಯ ಇಗರ್ಜಿಯು 1890ರದು. ಗಾಥಿಕ್ ಶೈಲಿಯ ಅದರ ಎತ್ತರದ ಮುಖಭಾಗವು ಗುಡ್ಡತೋಟಗಳ ನಡುವೆ ಪ್ರಯಾಣಿಕರ ಕಣ್ಣನ್ನು ಸೆಳೆಯುತ್ತದೆ. ಇಗರ್ಜಿಯ ಆಶ್ರಯದಲ್ಲಿ ಶಾಲೆಯೂ ಬೆಳೆದು ಬಂದಿತು. ಇಂಥ ಶಾಲೆಗಳ ವ್ಯವಸ್ಥೆ ಸರಳವಾದುದು. ಊರಿನ ಪಾದ್ರಿಯೇ ಶಾಲೆಯ ಸಂಚಾಲಕರು. ಸ್ಥಳವೂ ಕಟ್ಟಡವೂ ಇಗರ್ಜಿಯವು. ಪಾಠಪಟ್ಟಿಯೂ ತನಿಖೆಯೂ ಸರ್ಕಾರದವು. 1854ರ ವಿದ್ಯಾ ಆಜ್ಞಾಪತ್ರದ ತರುವಾಯ ಮದರಾಸು ಸರ್ಕಾರವು ಖಾಸಗಿ ಶಾಲೆಗಳಿಗೆ ಸಹಾಯದ್ರವ್ಯವನ್ನು ಕೊಡತೊಡಗಿದುದೇ ಇವುಗಳಿಗೆ ಆಧಾರವಾಯಿತು.

ಇಲ್ಲಿ ವಾಚಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಕುಟುಂಬಗಳ ಮನೆಮಾತು ಕನ್ನಡವಲ್ಲ, ಕೊಂಕಣಿ. ಪೂಜೆಯ ಭಾಷೆ ಆ ಕಾಲದಲ್ಲಿ ಲತೀನು. ನೆರೆಹೊರೆಯವರ ಮಾತು ತುಳು, ಮಲಯಾಳ, ಕನ್ನಡ. ಆದರೂ ಮಕ್ಕಳು ಅಕ್ಷರ ಕಲಿತದ್ದು ಕನ್ನಡದಲ್ಲಿ. ಕ್ರಮೇಣ ಅವರ ಕೊಂಕಣಿಯೇ ಕನ್ನಡ ಲಿಪಿಯನ್ನು ಧರಿಸಿತು. 1912ರ ‘ಕೊಂಕಣಿ ದಿರ್ವೆಂ’ ಪತ್ರಿಕೆಯೂ, 1938ರ ‘ರಾಕ್ಣೊ’ ವಾರಪತ್ರಿಕೆಯೂ ಅಚ್ಚಾದುದು ಕನ್ನಡ ಅಕ್ಷರಗಳಲ್ಲಿ. ಮಂಜೇಶ್ವರದಲ್ಲಿ ಬಾಳಿದ ಗೋವಿಂದ ಪೈಗಳೂ ಕೊಂಕಣಿ ಮನೆಮಾತಿನವರೇ. ಯೇಸುವಿನ ಕೊನೆಯ ದಿನವನ್ನು ಕುರಿತು ಅವರು ‘ಗೊಲ್ಗೊಥಾ’ ಕಾವ್ಯವನ್ನು ಬರೆದುದು ಕನ್ನಡದಲ್ಲಿ. ಭಾಷೆಯು ಮನೆಯಲ್ಲಿ ಹುಟ್ಟಿದವರದು ಮಾತ್ರವಲ್ಲ, ಶಾಲೆಯಲ್ಲಿ ಅದನ್ನು ಒಲಿಸಿಕೊಂಡವರದೂ ಹೌದು.

1956ರ ನಂತರ ಪರಿಸ್ಥಿತಿ ಬದಲಾಯಿತು. ಕೇರಳದ ಹೊಸ ವಿದ್ಯಾ ಮಸೂದೆಯು ಸಹಾಯ ಪಡೆಯುವ ಶಾಲೆಗಳ ಆಡಳಿತವನ್ನು ನಿಯಂತ್ರಿಸಲು ಹೊರಟಾಗ ಕ್ಯಾಥೊಲಿಕ ಸಭೆ ಅದನ್ನು ಬಲವಾಗಿ ವಿರೋಧಿಸಿತು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಲಾಗಿ, ಸರ್ವೋಚ್ಚ ನ್ಯಾಯಾಲಯವು 1958ರ ಮೇ ತಿಂಗಳಿನಲ್ಲಿ ಸಂವಿಧಾನದ 30ನೆಯ ವಿಧಿಯನ್ನು ವಿವರಿಸಿತು. ಆ ವಿಧಿಯು ಮತದ ಅಲ್ಪಸಂಖ್ಯಾತರಿಗೆ ಮಾತ್ರವಲ್ಲದೆ ಭಾಷೆಯ ಅಲ್ಪಸಂಖ್ಯಾತರಿಗೂ ಸ್ವಂತ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಮುಂದೆ ನೆಲೆಗೊಂಡ ಪದ್ಧತಿಯಲ್ಲಿ ಅಧ್ಯಾಪಕರ ನೇಮಕ ಆಡಳಿತದವರದು, ಸಂಬಳ ಸರ್ಕಾರದ್ದು. ಆದರೆ ಶಾಲೆ ತೆರೆದ ಆರನೆಯ ಕೆಲಸದ ದಿನ ಎಣಿಸಿದ ಮಕ್ಕಳ ಸಂಖ್ಯೆಯೇ ಹುದ್ದೆಗಳಿಗೆ ಆಧಾರ. ಮಕ್ಕಳು ಕುಗ್ಗಿದರೆ ಹುದ್ದೆಯೂ ಕುಗ್ಗುತ್ತದೆ. ಹೀಗಾಗಿ ಕನ್ನಡ ತರಗತಿಯ ಅಳಿವು ಉಳಿವು ಕೊನೆಗೆ ತಾಯಿತಂದೆಗಳ ಕೈಯಲ್ಲಿಯೇ ಇದೆ.

ನಮ್ಮ ಸೀಮೆಗೆ ಇಂಥ ಆಸರೆ ದೊರೆಯಲಿಲ್ಲ. 1874ರಲ್ಲಿಯೇ ವಾಡಿ–ಸಿಕಂದರಾಬಾದ್ ರೈಲು ಮಾರ್ಗ ನಮ್ಮ ಊರನ್ನು ಹಾದುಹೋಯಿತು. ಆದರೆ ನಿಜಾಮರ ಆಳಿಕೆಯಲ್ಲಿ ದಫ್ತರದ ಭಾಷೆ ಉರ್ದು, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷೆಯೂ ಉರ್ದು, ಖಾಸಗಿ ಶಾಲೆ ತೆರೆಯಲು ಸರ್ಕಾರದ ಅಪ್ಪಣೆ ಬೇಕು. ವಿಲೀನದ ತರುವಾಯ ಕ್ರಮೇಣ ಉರ್ದುವಿನ ಸ್ಥಾನಕ್ಕೆ ತೆಲುಗು ಬಂದಿತು.

ರಾಜ್ಯದ ಭಾಷೆಯನ್ನು ಕಲಿಯಬಾರದೆಂಬುದು ನಮ್ಮ ವಾದವಲ್ಲ. ಕೇರಳವು 2017ರಲ್ಲಿ ಮಲಯಾಳವನ್ನೂ, ತೆಲಂಗಾಣವು 2018ರಲ್ಲಿ ತೆಲುಗನ್ನೂ ಶಾಲೆಗಳಲ್ಲಿ ಕಡ್ಡಾಯಗೊಳಿಸಿದುವು. ನೆರೆಯವರೊಡನೆ ಬಾಳಬೇಕಾದ ಮಕ್ಕಳಿಗೆ ನೆರೆಯವರ ಭಾಷೆ ಅವಶ್ಯಕವೇ. ಆದರೆ 1956ರಲ್ಲಿಯೇ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯುವಂತೆ ಮಾಡುವುದು ಸರ್ಕಾರದ ಹೊಣೆಯೆಂದು ಹೇಳಿದೆ. ಅದನ್ನು ಕೇಳಿ ಪಡೆಯುವ ಹೊಣೆ ನಮ್ಮದು.

ಕನ್ನಡವನ್ನು ಮನೆಯಲ್ಲಿ ಆಡದ ಒಂದು ಸಮಾಜವು ತನ್ನ ದೇವಾಲಯದ ಅಂಗಳದಲ್ಲಿ ಕನ್ನಡಕ್ಕೆ ಎಡೆಕೊಟ್ಟು ತಲೆಮಾರುಗಳ ಕಾಲ ನಡೆಸಿಕೊಂಡು ಬಂದಿದೆ. ಕನ್ನಡವನ್ನೇ ಮನೆಯಲ್ಲಿ ಆಡುವ ನಾವು ನಮ್ಮ ಮಠ, ಗುಡಿ, ಸಂಘಗಳ ಅಂಗಳದಲ್ಲಿ ಅಷ್ಟನ್ನು ಮಾಡಲಾರೆವೆ? ಶಾಲೆಯ ಹಾಜರಿ ಪುಸ್ತಕದಲ್ಲಿ ನಮ್ಮ ಮಕ್ಕಳ ಹೆಸರು ಇದ್ದರೆ ತಾನೆ ಮುಂದಿನದು. ಈ ಪ್ರಶ್ನೆಯನ್ನು ಪ್ರತಿಯೊಂದು ಮನೆಯೂ ತನ್ನಲ್ಲಿ ತಾನೇ ಕೇಳಿಕೊಳ್ಳಲೆಂದು ಪ್ರಾರ್ಥಿಸಿ, ಈ ಲೇಖನವನ್ನು ಮುಗಿಸುತ್ತೇವೆ.